ಬೆಟ್ಟದ ಬುಡದಲ್ಲಿ ಸಿಕ್ಕ ಮಡಿಲಕ್ಕಿ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಮೈಮೇಲೆ ಬರುವುದು, ಇವುಗಳಲ್ಲಿ ನನಗೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವುದೋ ಪಕ್ಕಕ್ಕೆ ಎಸೆಯುವುದೋ ನನ್ನ ಕೆಲಸ. ಅಳತೆಗೆ ಸಿಗದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಪಾಳಿಯಲ್ಲಿ ಹುಡುಗರು ಹುಣಸೆಮರದ ಕಥೆ ಶುರು ಮಾಡಿದರೆ, "ಲೇ, ಟೀ ಕುಡ್ದು ಕೆಲ್ಸ ನೋಡ್ರಲಾ" ಎಂದು ಬೈದು ಏಳಿಸುತ್ತಿದ್ದವನೇ ನಾನು. ಅಂಥವನು ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ರಾಮನಗರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ನನ್ನ ಹೆಂಡತಿ ಪುಷ್ಪ ಎರಡನೇ ಸಲ ಬಸುರಿ, ಆರು ತಿಂಗಳು. ಅವಳ ತವರು ಹಾರೋಹಳ್ಳಿ ಕಡೆಯ ಒಂದು ಸಣ್ಣ ಊರು. ಅಲ್ಲಿನ ಹೊಲ ಕಾರ್ಖಾನೆಗಳಿಗೆ ಹೋಯಿತು, ಜೊತೆಗೆ ಮನೆಯೂ ಹೋಯಿತು. ಅದೇ ಕೊರಗಿನಲ್ಲೋ ಏನೋ, ನಮ್ಮತ್ತೆ ವರ್ಷ ತುಂಬುವುದರೊಳಗೆ ತೀರಿಕೊಂಡರು. ಇವಳ ಅಣ್ಣತಮ್ಮಂದಿರು ದಿಕ್ಕಿಗೊಬ್ಬರಾದರು. ಆ ಸಲ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ, ಒಂದು ಫೋನೂ ಬರಲಿಲ್ಲ.

ದೊಡ್ಡ ಮಗಳು ರಮ್ಯಾ ಹುಟ್ಟಿದಾಗ ಬಾಣಂತನ ಪುಷ್ಪಳ ಅಮ್ಮನ ಮನೆಯಲ್ಲಿ ಚೆನ್ನಾಗಿ ಆಗಿತ್ತು. ಈ ಸಲ ಎಲ್ಲಿ? ನನಗೂ ತಾಯಿಯಿಲ್ಲ. "ಹೋಗ್ಬತ್ತೀನಿ ಅಂತ ಹೇಳಕ್ಕೆ ನಂಗೊಂದು ಮನೆ ಇಲ್ವಲ್ರೀ" ಎನ್ನುತ್ತಿದ್ದಳು ಪುಷ್ಪ. ತುತ್ತು ಇಳಿಯುತ್ತಿರಲಿಲ್ಲ, ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಾಗಿಲಿಗೆ ಹೋಗುವುದು, ಬೀದಿ ನೋಡುವುದು, ವಾಪಸ್ಸು ಬರುವುದು, ಮತ್ತೆ ಎದ್ದು ಹೋಗುವುದು. ಡಾಕ್ಟರಮ್ಮ ಅವಳ ತೂಕ ನೋಡಿ ನನ್ನನ್ನು ಗದರಿಸಿದರು. ಹೀಗೇ ಆದರೆ ಮಗುವಿಗೂ ಕಷ್ಟ, ತಾಯಿಗೂ ಕಷ್ಟ ಎಂದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದು ಎಲ್ಲಿಗಾದರೂ ಹೊರಡೋಣ ಎಂದೆ. ಮದುವೆಯಾದಾಗಿನಿಂದ ಊಟಿ ಊಟಿ ಎಂದು ಬಡಾಯಿ ಕೊಚ್ಚಿಕೊಂಡು ಬಂದವನು ನಾನು. ನನ್ನ ಸಂಬಳಕ್ಕೆ ಊಟಿ ಎಲ್ಲಿಂದ ಬರಬೇಕು? ಮಾಗಡಿಗೆ ಬಸ್ಸು, ಅಲ್ಲಿಂದ ಸಾವನದುರ್ಗದ ಬುಡಕ್ಕೆ ಇನ್ನೊಂದು ಬಸ್ಸು, ಶನಿವಾರ ಹೋಗಿ ಭಾನುವಾರ ವಾಪಸ್ಸು. ಹತ್ತುವುದೇನೂ ಬೇಡ, ಕೂತು ನೋಡಿದರೆ ಸಾಕು, ಬೆಟ್ಟ ಬೆಟ್ಟವೇ ತಾನೇ? ತಿನ್ನುವುದಕ್ಕೆ ಮನೆಯಿಂದಲೇ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೆವು. ಬಸ್ಸಿಳಿದು ಆ ಬೋಳು ಬಂಡೆಯನ್ನು ಕಂಡಾಗ ಪುಷ್ಪ, "ಏನ್ರೀ, ನಿಮ್ಮೂಟಿ ಒಸಿ ಒಣಗೋಗೈತೆ" ಎಂದಳು. ಎಷ್ಟೋ ದಿನದ ಮೇಲೆ ಅವಳು ತಮಾಷೆ ಮಾಡಿದ್ದು ಕೇಳಿ ನನಗೆ ಖುಷಿಯಾಯಿತು.

ಆ ಖುಷಿ ಸಂಜೆಗೇ ಮುಗಿಯಿತು. ದೇವಸ್ಥಾನದ ಹತ್ತಿರ ಸಿಕ್ಕಿದ ಕೋಣೆಯಲ್ಲಿ ಅವಳು ಒಂದು ಗಳಿಗೆ ಕೂರಲಿಲ್ಲ. ಕಿಟಕಿಗೆ ಹೋದಳು, ಹೊಸ್ತಿಲಿಗೆ ಬಂದಳು, ಚಪಾತಿ ಮುರಿದು ಹಾಗೇ ಇಟ್ಟಳು. ಬೆಳಗಾಗುವ ಹೊತ್ತಿಗೆ ಅವಳ ಕಣ್ಣು ಕೆಂಡವಾಗಿತ್ತು. ಇಲ್ಲಿಗೆ ಕರೆತಂದದ್ದೇ ತಪ್ಪಾಯಿತು, ಮೊದಲ ಬಸ್ಸಿಗೇ ಹೊರಟುಬಿಡೋಣ ಎಂದುಕೊಂಡೆ. ಆದರೆ ಆ ಬಸ್ಸು ಬರಲೇ ಇಲ್ಲ. ಮುಂದಿನದು ಮಧ್ಯಾಹ್ನಕ್ಕಂತೆ.

ಬಿಸಿಲು ಏರಿತು. ರಸ್ತೆ ಬದಿಯಲ್ಲಿ ಒಂದು ಹೆಂಚಿನ ಮನೆ. ಜಗಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಹಣೆ ತುಂಬ ಕುಂಕುಮ, ಎರಡೂ ಕೈಗೆ ಹಸಿರು ಗಾಜಿನ ಬಳೆ. ಕುಡಿಯಲು ನೀರು ಕೇಳೋಣ ಎಂದು ನಾನು ಹೆಜ್ಜೆ ಇಟ್ಟೆ, ಪುಷ್ಪ ಮಗಳ ಕೈ ಹಿಡಿದುಕೊಂಡು ಹಿಂದೆ ಇದ್ದಳು. ನಾವು ಇನ್ನೂ ಬಾಯಿ ಬಿಟ್ಟಿಲ್ಲ, ಅಜ್ಜಿ ತಲೆ ಎತ್ತಿ, "ಏ ಮೊಸ್ರಿ, ಬಿಸ್ಲಲ್ಲಿ ಯಾಕೆ ನಿಂತಿದ್ದೀಯೆ? ಒಳಿಕ್ಕೆ ಬಾ" ಎಂದರು.

ಬೆಕ್ಕನ್ನೋ ಏನನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ನಾನು ಅತ್ತಿತ್ತ ನೋಡಿದೆ. ಪುಷ್ಪ ನನ್ನನ್ನು ದಾಟಿಕೊಂಡು, ಚಪ್ಪಲಿ ಬಿಟ್ಟು, ಸೀದಾ ಒಳಗೆ ಹೋದಳು. ಕೇಳಲಿಲ್ಲ, ಹಿಂಜರಿಯಲಿಲ್ಲ.

ಮುಂದೆ ನಡೆದದ್ದು ಬೇರೆ ಯಾರ ಮನೆಯಲ್ಲಿ ನಡೆದಿದ್ದರೂ ವಿಶೇಷವೇನಲ್ಲ. ಅಜ್ಜಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು, ಕೊನೆಗೆ ಅನ್ನಕ್ಕೆ ಗಟ್ಟಿ ಮೊಸರು. ಪುಷ್ಪ ಹಸಿದ ಕೂಸಿನಂತೆ ಉಂಡಳು. ಉಂಡು, ಅಲ್ಲೇ ಚಾಪೆಯ ಮೇಲೆ ಮಲಗಿ ನಿದ್ದೆ ಹೋದಳು. ಅಜ್ಜಿ ಅವಳ ತಲೆ ಸವರುತ್ತಾ ಕೂತರು. ನಾನು ಜಗಲಿಯಲ್ಲಿ ಕೂತು ಬಸ್ಸಿನ ದಾರಿ ಕಾಯುತ್ತಿದ್ದೆ, ರಮ್ಯಾ ಕೋಳಿಮರಿ ಅಟ್ಟಿಸಿಕೊಂಡು ಓಡಾಡುತ್ತಿದ್ದಳು. ನಾನು ಅಜ್ಜಿಯ ಹೆಸರು ಕೇಳಲಿಲ್ಲ, ಅವರೂ ನಮ್ಮದನ್ನು ಕೇಳಲಿಲ್ಲ.

ಹೊರಡುವಾಗ ಅಜ್ಜಿ ಪುಷ್ಪಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಗಿಟಕು, ಎಲೆ ಅಡಿಕೆ, ಒಂದು ಹಸಿರು ರವಿಕೆ ಕಣ. "ಬರೀ ಮಡ್ಲಲ್ಲಿ ಕಳಿಸ್ತೀನೇನೆ? ಮಗೀನ ಎತ್ಕೊಂಡು ಬಾ" ಎಂದರು. ಇಂಥ ಒಳ್ಳೆಯ ಜನ ಇನ್ನೂ ಇದ್ದಾರಲ್ಲ ಎಂದು ನನ್ನ ಕಣ್ಣೂ ಒದ್ದೆಯಾಯಿತು.

ಬಸ್ಸು ಹೊರಟ ಮೇಲೆ ಪುಷ್ಪ ಹೇಳಿದಳು. ಚಿಕ್ಕವಳಿದ್ದಾಗ ಮೊಸರಿಲ್ಲದೆ ಊಟವನ್ನೇ ಮುಟ್ಟುತ್ತಿರಲಿಲ್ಲವಂತೆ, ಅದಕ್ಕೇ ಅವಳಮ್ಮ ಅವಳನ್ನು ಮೊಸ್ರಿ ಎನ್ನುತ್ತಿದ್ದರಂತೆ. ಅಮ್ಮ ಒಬ್ಬರೇ. ಅದೂ ಇಬ್ಬರೇ ಇದ್ದಾಗ, ಅಣ್ಣತಮ್ಮಂದಿರಿಗೂ ಗೊತ್ತಿಲ್ಲವಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನೇ ಆ ಹೆಸರು ಕೇಳಿದ್ದು ಅವತ್ತು. "ನೀನೇ ಎಲ್ಲೋ ಬಾಯಿ ಬಿಟ್ಟಿರ್ಬೇಕು ಕಣೇ" ಎಂದೆ. "ನಾನು ಬಾಯಿ ಬಿಡೋಕೆ ಮುಂಚೆ ತಾನೇ ಅವ್ರು ಕರೆದಿದ್ದು?" ಎಂದಳು. ಹೌದು, ನಾನೂ ಅಲ್ಲೇ ಇದ್ದೆನಲ್ಲ. ಕಾಕತಾಳೀಯ ಎಂದು ಹೇಳಿ ಕಿಟಕಿಯ ಕಡೆ ತಿರುಗಿದೆ, ಆದರೆ ಮನೆ ಮುಟ್ಟುವ ತನಕ ನನಗೆ ಸಮಾಧಾನವಿರಲಿಲ್ಲ.

ಆ ಅಕ್ಕಿಯಲ್ಲಿ ಸಿಹಿ ಪೊಂಗಲ್ ಮಾಡಿ ತಿಂದೆವು. ಪುಷ್ಪಳಿಗೆ ಊಟ ಸೇರಿತು, ನಿದ್ದೆ ಹತ್ತಿತು. ಗಂಡು ಮಗು, ಸುಖವಾಗಿ ಹೆರಿಗೆಯಾಯಿತು. ಬಾಣಂತನವನ್ನು ಪಕ್ಕದ ಮನೆಯವರೂ ನಾನೂ ಸೇರಿ ಹೇಗೋ ದಾಟಿಸಿದೆವು. ಮಗುವಿಗೆ ಕತ್ತು ನಿಂತ ಮೇಲೆ ಅವಳು ಒಂದೇ ಹಟ ಹಿಡಿದಳು, ಅಜ್ಜಿಗೆ ತೋರಿಸಿಕೊಂಡು ಬರಬೇಕು.

ಮನೆ ಅದೇ. ಜಗಲಿ, ಕೋಳಿಗೂಡು, ಮುಕ್ಕಾದ ಮೆಟ್ಟಿಲು, ಎಲ್ಲ ಹಾಗೇ ಇತ್ತು. ಅಜ್ಜಿಯೂ ಅವರೇ, ಮುಖದಲ್ಲಿ ಒಂದು ಗೆರೆಯೂ ಬೇರೆಯಲ್ಲ. ಆದರೆ ಹಣೆ ಬರಿದು, ಕೈ ಬರಿದು. ಪಾಪ, ಈ ನಡುವೆ ಯಜಮಾನರು ಹೋಗಿರಬೇಕು ಎಂದುಕೊಂಡೆ. ಪುಷ್ಪ ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿ, "ಎತ್ಕೊಂಡು ಬಾ ಅಂದಿದ್ರಲ್ಲ ಅವ್ವ, ಬಂದೆ" ಎಂದಳು.

ಅಜ್ಜಿ ಮಗುವನ್ನೂ ನಮ್ಮನ್ನೂ ನೋಡಿದರು. "ಯಾರು ಅಂತ ಗುರ್ತು ಸಿಗ್ಲಿಲ್ಲ ಕಣವ್ವ" ಎಂದರು. ನಾನು ಎಲ್ಲ ನೆನಪಿಸಿದೆ, ಅವರೆಕಾಯಿ, ಮುದ್ದೆ, ಮಡಿಲಕ್ಕಿ. ಮಡಿಲಕ್ಕಿ ಎಂದಾಗ ಅವರು ಬೆಚ್ಚಿಬಿದ್ದರು. "ಬುಡ್ತು ಅನ್ನಪ್ಪ! ನನ್ನ ಗಂಡ ಹೋದಾಗ ನನ್ ಮಗಳು ಮೊಲೆ ಕುಡಿಯೋ ಕೂಸು. ಆ ಮಗಳಿಗೇ ನಾನು ಮಡ್ಲು ತುಂಬ್ಲಿಲ್ಲ, ಪಕ್ಕದ ಮನೆಯೋರ ಕೈಲಿ ತುಂಬ್ಸಿ ಒಳಗೆ ಕುಂತಿದ್ದೆ. ಬಸ್ರಿ ಹೆಂಗಸಿಗೆ ನಾನು ತುಂಬ್ತೀನಾ?"

ಆ ಕುಂಕುಮ, ಆ ಬಳೆ, ನಾನೇ ಕಣ್ಣಾರೆ ನೋಡಿದ್ದು. ರಮ್ಯಾಳನ್ನು ಕೇಳಿದರೆ, "ಅಜ್ಜಿ ಬಳೆ ಎಲ್ಲಿ ಹೋಯ್ತು?" ಎಂದು ಅವಳೇ ನನ್ನನ್ನು ಕೇಳಿದಳು.

ಪುಷ್ಪ ಮಾತ್ರ ವಾದ ಮಾಡಲಿಲ್ಲ. ಹೊರಡುವ ಹೊತ್ತಿಗೆ ಅಜ್ಜಿಯ ಮುಂದೆ ಸೆರಗೊಡ್ಡಿ ಕೂತಳು. "ಹೋದ್ಸಲ ಹಾಕಿಲ್ಲ ಅಂದ್ರೆ ಈಗ ಹಾಕಿ ಅವ್ವ" ಎಂದಳು. ಅಜ್ಜಿ ಬೇಡ ಬೇಡ ಎಂದರು, ಅತ್ತರು, ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಮೊರದಲ್ಲಿ ಅಕ್ಕಿ ಇತ್ತು. ಸುರಿಯುವಾಗ ಅರ್ಧ ನೆಲಕ್ಕೇ ಬಿತ್ತು, ಪುಷ್ಪ ಒಂದೊಂದೇ ಕಾಳು ಆರಿಸಿ ಸೆರಗಿಗೆ ಹಾಕಿಕೊಂಡಳು.

ಮೆಟ್ಟಿಲಿಳಿದ ಮೇಲೂ ಅವಳು ಹೆಜ್ಜೆ ಕೀಳಲಿಲ್ಲ, ತಿರುಗಿ ನಿಂತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು, "ಹುಷಾರಾಗಿ ಹೋಗ್ಬಾ ತಾಯಿ" ಎಂದರು. ಅಷ್ಟೇ. ಪುಷ್ಪ ಇನ್ನೂ ಒಂದಿಷ್ಟು ಹೊತ್ತು ಕಾದು, ಆಮೇಲೆ ನಡೆದಳು.

ಬಸ್ಸಿನಲ್ಲಿ ಮಗುವನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಾಕೆ ಎಂದು ಕೇಳಿದ್ದಕ್ಕೆ, "ಮೊಸ್ರಿ ಅನ್ಲಿಲ್ಲ ಕಣ್ರೀ" ಎಂದಳು.

ಆ ರವಿಕೆ ಕಣ ಇನ್ನೂ ಟ್ರಂಕಿನಲ್ಲಿದೆ, ಹೊಲಿಸಿಲ್ಲ. ಎಷ್ಟೋ ಸಲ ತೆಗೆದು, ಮುಟ್ಟಿ, ಮತ್ತೆ ಇಟ್ಟಿದ್ದೇನೆ. ಅವಳು ಸಪ್ಪಗೆ ಕೂತಾಗ ಆ ಹೆಸರು ಹಿಡಿದು ಕರೆಯೋಣ ಎಂದು ನಾಲಗೆ ತುದಿಗೆ ಬರುತ್ತದೆ. ಕರೆದರೆ ಅಮ್ಮನೇ ಎಂದು ಅವಳು ಥಟ್ಟನೆ ತಿರುಗಿಯಾಳು, ತಿರುಗಿ ನನ್ನನ್ನು ಕಂಡಾಳು. ಅದನ್ನು ನೆನೆದು ಸುಮ್ಮನಾಗುತ್ತೇನೆ.