ಸತ್ತ ಗೌಡನಿಗೆ ಆಯಾರ

ನಮ್ಮೂರ ನಾಟಕದಷ್ಟು ಕೆಟ್ಟ ನಾಟಕವನ್ನು ನಾನು ಬೇರೆಲ್ಲೂ ನೋಡಿಲ್ಲ. ಇರಕಲ್ಲಗಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅದನ್ನು ಸಾಮಾಜಿಕ ನಾಟಕ ಎನ್ನುತ್ತಾರೆ. ಒಬ್ಬ ಗೌಡ ಇರುತ್ತಾನೆ, ಅವನು ನಕ್ಕರೆ ಮೈಕು ಕಿರುಚುತ್ತದೆ. ಒಬ್ಬಳು ತಂಗಿ ಇರುತ್ತಾಳೆ, ಅಳುವುದೊಂದೇ ಅವಳ ಕೆಲಸ. ನಡುನಡುವೆ ಕಾರಣವಿಲ್ಲದೆ ಕುಣಿತ.

ಎಲ್ಲಕ್ಕಿಂತ ಹಾಸ್ಯಾಸ್ಪದವಾದದ್ದು ಆಯಾರ. ಪಾತ್ರಧಾರಿಯ ನೆಂಟರು ನಾಟಕದ ಮಧ್ಯೆಯೇ ರಂಗ ಹತ್ತಿ ಅವನ ಹೆಗಲಿಗೆ ಟವೆಲ್ಲೋ ಶಾಲೋ ಹೊದಿಸುತ್ತಾರೆ. ಉಳ್ಳವರಾದರೆ ಬೆರಳಿಗೆ ಉಂಗುರ. ಅಲ್ಲಿಯವರೆಗೆ ಕಥೆ ನಿಂತಿರುತ್ತದೆ. ಗೌಡನ ಕುತ್ತಿಗೆ ಹಿಸುಕುತ್ತಿದ್ದವನು ಕೈಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ, ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿದ ಮೇಲೆ ಮತ್ತೆ ಬಂದು ಹಿಸುಕುತ್ತಾನೆ. ಇದಕ್ಕೆ ಯಾರೂ ನಗುವುದಿಲ್ಲ. ಆಯಾರ ಬಾರದವನನ್ನು ಕಂಡರೆ ಮಾತ್ರ ನಗುತ್ತಾರೆ.

ಇದನ್ನೇ ಚಿಕ್ಕವನಿದ್ದಾಗ ನಾನು ಹುಚ್ಚನಂತೆ ಪ್ರೀತಿಸುತ್ತಿದ್ದೆ. ಒಂದು ಚಿತ್ರ ಇನ್ನೂ ಕಣ್ಣಲ್ಲಿದೆ. ನನ್ನ ಸೋದರಮಾವ ಗುಂಡೇಟು ತಿಂದು ರಂಗದ ಮೇಲೆ ಸತ್ತುಬಿದ್ದಿದ್ದಾನೆ. ಅವ್ವ ಮೇಲೆ ಹತ್ತಿ ಬರುತ್ತಾಳೆ. ಮಾವ ಎದ್ದು ಕೂತು, ಟವೆಲ್ಲು ಹೊದಿಸಿಕೊಂಡು, ಅಕ್ಕನ ಕಾಲು ಮುಟ್ಟಿ, ಮತ್ತೆ ಮಲಗಿ ಸಾಯುತ್ತಾನೆ. ಕೆಳಗೆ ನಾನು ಹಾರಿ ಹಾರಿ ಚಪ್ಪಾಳೆ ತಟ್ಟುತ್ತಿದ್ದೇನೆ.

ಧಾರವಾಡಕ್ಕೆ ಎಂ.ಎ. ಓದಲು ಹೋದ ಮೇಲೆ ಆ ಪ್ರೀತಿಯ ಬಗ್ಗೆ ನಾಚಿಕೆ ಬಂತು. ಅಲ್ಲಿ ನಾವು, ಒಂದು ಪಾತ್ರವೂ ಮಾತಾಡದ ಪರದೇಶದ ಸಿನಿಮಾಗಳನ್ನು ನೋಡಿ, ಬಾಯಿ ತೆರೆಯದೆ ಆಕಳಿಸುವುದನ್ನು ಕಲಿತೆವು. ನಂತರ ಅದೂ ಸಾಕಾಯಿತು. ಕ್ರಿಕೆಟ್ ಬಂತು, ಹೋಯಿತು. ಈಗ ಮುನಿರಾಬಾದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಹೆಬ್ಬೆರಳಿನಿಂದ ಮೊಬೈಲ್ ಒರೆಸುತ್ತಾ ಕೂರುತ್ತೇನೆ. ಹೀಗೆ ಒರೆಸುವಾಗ ಯಾವುದೋ ಹಳ್ಳಿಯ ನಾಟಕದ ತುಣುಕು ಬಂತು. ಪೊಲೀಸನ ವೇಷದವನು ಕಳ್ಳನನ್ನು ಹಿಡಿದುಕೊಂಡೇ ಆಯಾರ ಮಾಡಿಸಿಕೊಳ್ಳುತ್ತಿದ್ದ. ಕೆಳಗೆ ಕಾಮೆಂಟಿನಲ್ಲಿ ನೂರಾರು ಜನ ‘ನಮ್ಮ ಸಂಸ್ಕೃತಿ’ ಎಂದು ಕೈಮುಗಿದಿದ್ದರು. ಅವರ ಮೇಲೆ ಸಿಟ್ಟು ಬಂತು. ಆ ತುಣುಕನ್ನು ಮತ್ತೆ ಮತ್ತೆ ನೋಡಿದ್ದಕ್ಕೆ ನನ್ನ ಮೇಲೂ ಬಂತು.

ಅದೇ ವಾರ ಮಾವನ ಫೋನು. ಬಹಳ ವರ್ಷಗಳ ನಂತರ ಊರಲ್ಲಿ ನಾಟಕ ಇಟ್ಟಿದ್ದರು, ಅವನಿಗೆ ಗೌಡನ ಪಾತ್ರ.

“ಅಳಿಯಾ, ನೀ ಬರಬೇಕು ನೋಡು. ನಿಮ್ಮವ್ವ ಅಂತೂ ಹೋದ್ಲು. ಹೆಂಡ್ತಿ ಕಡೆಯವ್ರು ಮಾತು ಬಿಟ್ಟಾರ. ಆಯಾರಕ್ಕ ಯಾರದಾರ ನನಗ?”

“ಈ ವಯಸ್ಸಿನ್ಯಾಗ ಯಾಕ್ ಬೇಕು ಮಾವಾ ಆ ಹುಚ್ಚಾಟ?”

“ಹುಚ್ಚಾಟ ಅನ್ನು, ಏನರ ಅನ್ನು. ಮಂದಿ ಮುಂದ ಖಾಲಿ ಹೆಗಲ ಇಟ್ಕೊಂಡು ನಿಂದ್ರಾಕ ಆಗೂದಿಲ್ಲ ನನಗ.”

ಮಾತು ತಿರುಗಿಸಲು ನನ್ನ ನೆನಪಿನ ಹೆಣದ ಕಥೆ ತೆಗೆದೆ.

“ನಾ ಯಾವಾಗ ಸತ್ತಿದ್ನೋ? ಆವಾಗೆಲ್ಲ ನಾ ಹೀರೋ. ಹೀರೋ ಸಾಯ್ತಾನೇನು? ನಿಮ್ಮವ್ವ ಮೊದಲ್ನೇ ಸೀನಿಗೇ ಬಂದು ಹಾಕಿ ಹೋಗ್ತಿದ್ಲು. ಭಾಳ ಓದಿ ತಲಿ ಕೆಟ್ಟೈತಿ ನಿಂದು.”

ಎಲ್ಲವನ್ನೂ ಅನುಮಾನಿಸಬೇಕೆಂದು ಓದಿದವನಿಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು. ಆಗಲಿಲ್ಲ. ನಡೆಯದೇ ಇದ್ದದ್ದಕ್ಕೆ ನಾನು ಅಷ್ಟು ಚಪ್ಪಾಳೆ ತಟ್ಟಿದ್ದೆನೇ?

ಹೋದೆ. ಕೊಪ್ಪಳದ ಬಸ್‌ಸ್ಟ್ಯಾಂಡಿನ ಬಳಿ ಟವೆಲ್ಲು ಕೊಂಡು ಚೀಲದಲ್ಲಿ ಹಾಕಿಕೊಂಡಿದ್ದೆ, ಬೇರೆ ಯಾರ ಕೈಯಲ್ಲಾದರೂ ಕೊಟ್ಟು ಕಳಿಸುವ ಯೋಚನೆ. ರಾತ್ರಿ ಮೈಕು ಬೇಗ ಬಂದ್ ಮಾಡಬೇಕೆಂದು ನಾಟಕವನ್ನು ಮಧ್ಯಾಹ್ನವೇ ಶುರು ಮಾಡಿದ್ದರು. ಬಿಸಿಲಿಗೆ ಎಲ್ಲ ಬಯಲಾಗಿತ್ತು. ಪರದೆಯ ಮೇಲಿನ ಅರಮನೆಗೆ ತೇಪೆ. ಅದಕ್ಕಿಂತ ದೊಡ್ಡದು ಪುಢಾರಿಗಳ ಮುಖದ ಬ್ಯಾನರು. ಮಾವನ ಮೀಸೆ ಬೆವರಿಗೆ ಒಂದು ಕಡೆ ಬಿಟ್ಟುಕೊಂಡು, ಅವನು ಗದರಿದಾಗಲೆಲ್ಲ ಹಾರುತ್ತಿತ್ತು.

ಹೀರೋಗೆ ಶಾಲಿನ ಮೇಲೆ ಶಾಲು ಬಿದ್ದವು. ಒಂದೇ ಮಾತಿನ ಪಾತ್ರ ಮಾಡಿದ ಆಳಿಗೂ ಟವೆಲ್ಲು ಬಂತು. ಮಾವ ಮಾತ್ರ ಪ್ರತಿ ಸೀನಿಗೂ ಖಾಲಿ ಹೆಗಲಲ್ಲೇ ಬಂದು, ನನ್ನ ಕಡೆ ನೋಡಿ, ಖಾಲಿ ಹೆಗಲಲ್ಲೇ ಒಳಗೆ ಹೋಗುತ್ತಿದ್ದ. ನನ್ನ ಹಿಂದೆ ಕೂತಿದ್ದ ಇಬ್ಬರು ಮಾತಾಡಿಕೊಂಡರು.

“ಗೌಡಗ ಯಾರೂ ಗತಿ ಇಲ್ಲೇನಲೇ?”

“ಮುಂದ ಕುಂತಾನಲ್ಲ ಅಳಿಯ, ಆಫೀಸಿನಾಂವ. ಅಂವೇನ್ ಏಳ್ತಾನ ಬಿಡು. ಕುರ್ಚಿ ಮ್ಯಾಲ ಕುಂತು ಮಾರ್ಕ್ಸ್ ಹಾಕಾಕತ್ತಾನ.”

ಕೊನೆಯ ಸೀನು. ಹೀರೋ ಪಿಸ್ತೂಲು ಎತ್ತಿದ. ಶಬ್ದಕ್ಕೆಂದು ಇಟ್ಟಿದ್ದ ಪಟಾಕಿ ಸಿಡಿಯಲಿಲ್ಲ. ಮಾವ ಕಾದು ನೋಡಿ ತಾನೇ ಬಿದ್ದು ಸತ್ತ. ಆಮೇಲೆ ಪಟಾಕಿ ಸಿಡಿಯಿತು. ಹೆಣದ ಮುಂದೆ ನಿಂತು ಹೀರೋ ನ್ಯಾಯದ ಬಗ್ಗೆ ಭಾಷಣ ಶುರು ಮಾಡಿದ. ಅದು ಮುಗಿದರೆ ಪರದೆ ಬೀಳುತ್ತದೆ, ಮಾವನಿಗೆ ಇನ್ನು ಸೀನಿಲ್ಲ.

ನಾನು ಏಳಬೇಕೆಂದು ತೀರ್ಮಾನಿಸಿದ್ದು ನೆನಪಿಲ್ಲ. ರಂಗದ ಮೆಟ್ಟಿಲು ಅಲುಗಾಡಿದ್ದು ನೆನಪಿದೆ. ಹಾರ್ಮೋನಿಯಂ ನಿಂತಿತು, ಹೀರೋ ನ್ಯಾಯವನ್ನು ಅರ್ಧಕ್ಕೇ ಬಿಟ್ಟು ಪಕ್ಕಕ್ಕೆ ಸರಿದ. ನಾನು ಬಗ್ಗಿದೆ. ಹೆಣ ಒಂದು ಕಣ್ಣು ತೆರೆಯಿತು.

“ಎಷ್ಟೊತ್ತು ಮಾಡ್ತೀಯೋ, ಮಂಗ್ಯಾನಂಥಾಂವ!” ಎಂದು ಪಿಸುಗುಟ್ಟಿ ಎದ್ದು ಕೂತು ಹೆಗಲು ಒಡ್ಡಿತು.

ಟವೆಲ್ಲು ಹೊದಿಸಿ ಕಾಲು ಮುಟ್ಟಿದೆ. ಮಾವ ನನ್ನ ತಲೆಯ ಮೇಲೆ ಕೈಯಿಟ್ಟ. ಮೈಕಿನಲ್ಲಿ ನನ್ನ ಹೆಸರು ಕೂಗುವವರೆಗೂ ಜನರ ಕಡೆ ಎದೆ ಸೆಟೆಸಿ ಕೂತಿದ್ದು, ಆಮೇಲೆ ಮೊದಲು ಕಾಲಿದ್ದ ಕಡೆಗೆ ತಲೆ ಹಾಕಿ ಸತ್ತ. ಹೀರೋ ಸುತ್ತು ಹಾಕಿ ಆ ಕಡೆ ಬಂದು ಭಾಷಣ ಮುಂದುವರಿಸಿದ. ಜನ ಸಿಳ್ಳೆ ಹೊಡೆದರು. ಯಾರೂ ನಗಲಿಲ್ಲ, ನಾನೊಬ್ಬನೇ ರಂಗದ ಮೇಲೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ.

ನಾಟಕ ಮುಗಿದ ಮೇಲೆ ಅರ್ಧ ಬಣ್ಣ ಒರೆಸಿಕೊಂಡ ಮಾವ, ಟವೆಲ್ಲು ಮಾತ್ರ ತೆಗೆಯದೆ, ಚಹಾ ಕುಡಿಯುತ್ತಾ ಎಲ್ಲರಿಗೂ ಹೇಳುತ್ತಿದ್ದ: “ನಮ್ಮ ಅಳಿಯ ಸಣ್ಣಾವಿದ್ದಾಗನ ಇದನ್ನ ಕಂಡಿದ್ನಂತ ನೋಡ್ರಿ.”

ಸತ್ತ ಮಾವ ಎದ್ದು ಆಯಾರ ಮಾಡಿಸಿಕೊಂಡದ್ದಕ್ಕೆ ಈಗ ಊರೇ ಸಾಕ್ಷಿಯಿದೆ, ಆದರೆ ಘಟನೆಗಿಂತ ಮೊದಲೇ ಇದ್ದ ನೆನಪಿಗೆ ಅದು ಸಾಕ್ಷಿಯಾಗುವುದಿಲ್ಲ. ನಾಟಕವಂತೂ ದರಿದ್ರವಾಗಿತ್ತು. ಮುಂದಿನದು ಇನ್ನೂ ಕೆಟ್ಟದ್ದೇ ಇರುತ್ತದೆ, ತಾಲೀಮು ನಡೆಸುವವರು ಇವರೇ ತಾನೇ. ಯಾವತ್ತು ಇಡುತ್ತಾರೆ, ಮೊದಲೇ ತಿಳಿಸು, ರಜೆ ಹಾಕಬೇಕು ಎಂದು ಮಾವನಿಗೆ ಹೇಳಿ ಬಂದಿದ್ದೇನೆ.