ಮೊದ್ಲ ನಾಕು ಬ್ರೆಡ್‌ಕೇಕ್ ತಗೊಂಡ್ ಬಾ

ಮೊನ್ನೆ ಶನಿವಾರ ಬೆಳಿಗ್ಗೆ ಮಂಡಕ್ಕಿಗೆ ಒಗ್ಗರಣೆ ಹಾಕಿ, ಒಲೆ ಆರಿಸಿ, ಕಪಾಟಿನಿಂದ ಒಂದು ಡಬ್ಬಿ ತೆಗೆದು ಕೆಂಪು ಪುಡಿಯನ್ನು ಮೇಲೆ ಉದುರಿಸಿದೆ. ಘಮ್ಮೆಂದು ಮೂಗಿಗೆ ಬಡಿಯಿತು ನೋಡಿ! ಚಿಪ್ ಸ್ಪೈಸ್ ಅಂತ ಇದರ ಹೆಸರು. ಉಪ್ಪು, ಕೆಂಪು ಮೆಣಸು, ಜೊತೆಗೆ ಇನ್ನೇನೋ ಇದೆ. ಇಂಗ್ಲೆಂಡಿನ ನಮ್ಮ ಹಲ್ ಊರಿನವರು ಕರಿದ ಆಲೂಗಡ್ಡೆಯ ಮೇಲೆ ಇದಿಲ್ಲದಿದ್ದರೆ ಮುಖ ಸಿಂಡರಿಸುತ್ತಾರೆ. ಗಂಟೆ ದೂರದ ಲೀಡ್ಸ್‌ಗೆ ಹೋಗಿ ಕೇಳಿದರೆ ಅಂಗಡಿಯವನು ನಮ್ಮ ಮುಖ ನೋಡುತ್ತಾನೆ. ದಾವಣಗೆರೆಯಲ್ಲಿ ಹುಟ್ಟಿದವನು ಮಂಡಕ್ಕಿಗೆ ಪರದೇಶದ ಪುಡಿ ಹಾಕುವುದು ಮಹಾಪರಾಧವೆಂದು ನನಗೂ ಗೊತ್ತು. ಆದರೆ ಒಂದು ಮುಕ್ಕು ತಿಂದು ನೋಡಿ, ಆಮೇಲೆ ಜಗಳವಾಡೋಣ.

ಈ ಪಾಪಕ್ಕೆ ನನ್ನನ್ನು ಹಚ್ಚಿದವರು ನಸೀಮ್ ಆಪಾ. ಹುಬ್ಬಳ್ಳಿಯವರು, ಈ ಊರಿನಲ್ಲಿ ಎಷ್ಟೋ ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್ ಆಗಿದ್ದವರು. ಹದಿನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿ ನಾವು ಬಂದಾಗ, ನಾನು ನನ್ನ ಸೂಟ್‌ಕೇಸನ್ನು ಬಿಚ್ಚಿಯೇ ಇರಲಿಲ್ಲ. ಇಂಗ್ಲೆಂಡಿನ ಪೂರ್ವದ ಅಂಚು, ರೈಲೂ ಇಲ್ಲಿಗೇ ಮುಗಿಯುತ್ತದೆ, ನಮ್ಮವರು ಅಂತ ಯಾರೂ ಇಲ್ಲ. ಒಂದು ವರ್ಷ ಹಲ್ಲು ಕಚ್ಚಿ ಕಳೆದು ಮ್ಯಾಂಚೆಸ್ಟರಿಗೆ ಓಡುವುದು ನನ್ನ ಯೋಚನೆ. ಆಸ್ಪತ್ರೆಯಲ್ಲಿ ಹೆಂಡತಿಗೆ ಯಾರೋ ಆಪಾರ ವಿಳಾಸ ಕೊಟ್ಟರು. ಅವಳಿಗೆ ಅಂದು ಡ್ಯೂಟಿ. ನಾನೊಬ್ಬನೇ ಎರಡು ಸ್ವೆಟರ್ ಏರಿಸಿಕೊಂಡು, ಚಹಾ ಕುಡಿಯೋಣವೆಂದು ಅವರ ಬಾಗಿಲಿಗೆ ಹೋಗಿ ನಿಂತೆ.

ಒಳಗೆ ಮೆಣಸಿನಕಾಯಿ ಬಜ್ಜಿಯ ವಾಸನೆ. ಆಪಾ ಜಾಲರಿ ಹಿಡಿದುಕೊಂಡೇ ಬಾಗಿಲು ತೆಗೆದರು.

“ಬಾ ತಮ್ಮಾ. ಅಲ್ಲ, ತಡಿ, ಒಳಗ ಬರಬ್ಯಾಡ. ಚಾ ಆಮ್ಯಾಲೆ. ಮೊದ್ಲ ನಾಕು ಬ್ರೆಡ್‌ಕೇಕ್ ತಗೊಂಡ್ ಬಾ. ಹಿಂದಿನ ಟೆನ್‌ಫುಟ್ ಹಿಡದು ಹೋದ್ರ ಮೂಲಿಗೆ ಅಂಗಡಿ ಐತಿ.”

ಬಾಗಿಲು ಹಾಕಿಕೊಂಡೇಬಿಟ್ಟರು! ಟೆನ್‌ಫುಟ್ ಅಂದರೆ ಮನೆಗಳ ಹಿತ್ತಲ ಹಿಂದಿನ ಓಣಿ, ಬ್ರೆಡ್‌ಕೇಕ್ ಅಂದರೆ ಅಂಗೈ ಅಗಲದ ಮೆತ್ತನೆಯ ಬನ್ನು ಎಂದು ನಿಮಗೆ ಈಗ ಹೇಳುತ್ತಿದ್ದೇನೆ, ನನಗೆ ಅಂದು ಯಾರೂ ಹೇಳಿರಲಿಲ್ಲ. ದಾರಿಯಲ್ಲಿ ಮೂವರನ್ನು ಕೇಳಿದೆ. ನಾಯಿ ಹಿಡಿದಿದ್ದ ಅಜ್ಜಿಯೊಬ್ಬಳು ಮೂಲೆಯವರೆಗೆ ಜೊತೆಗೇ ಬಂದು, ತನ್ನ ಮಂಡಿನೋವನ್ನು ಪೂರ್ತಿ ಹೇಳಿ ಹೋದಳು. ಅಂಗಡಿಯಾಕೆ ‘ಏನು ಬೇಕು ಲವ್’ ಅಂದಳು. ನನ್ನ ಹೆಂಡತಿಯೇ ಆ ಮಾತು ಆಡಿದವಳಲ್ಲ. ನಾನು ಕಿವಿಯವರೆಗೆ ಕೆಂಪಾದೆ. ಶನಿವಾರ ಹತ್ತರೊಳಗೆ ಬಾ, ಆಮೇಲೆ ಖಾಲಿ ಎಂದೂ ಹೇಳಿದಳು. ನಾಲ್ಕು ಬನ್ನು ಹಿಡಿದು ಕೋಟೆ ಗೆದ್ದವನ ಹಾಗೆ ವಾಪಸ್ಸು ಬಂದೆ. ಆಪಾ ಬನ್ನು ಸೀಳಿ, ಒಳಗೆ ಬಜ್ಜಿ ಇಟ್ಟು, ಚಿಪ್ ಸ್ಪೈಸ್ ಉದುರಿಸಿ ಕೊಟ್ಟರು. ಆ ವಾರವೇ ಸೂಟ್‌ಕೇಸ್ ಬಿಚ್ಚಿದೆ, ಆ ತಿಂಗಳೇ ಅದೇ ಓಣಿಯಲ್ಲಿ ನಮಗೆ ಮನೆಯೂ ಸಿಕ್ಕಿತು.

ಎಷ್ಟೋ ಕಾಲದ ಮೇಲೆ ಒಮ್ಮೆ, ಅವರ ಅಡುಗೆಮನೆಯಲ್ಲಿ ಒಂದಿಡೀ ಪೊಟ್ಟಣ ಬ್ರೆಡ್‌ಕೇಕ್ ಇದ್ದರೂ ಹೊಸಬನೊಬ್ಬನನ್ನು ಅಂಗಡಿಗೆ ಓಡಿಸುವುದನ್ನು ಕಂಡೆ. ಏನಿದು ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. “ನೀ ಬಂದಾಗೂ ಇದ್ವಪಾ. ಟ್ರೇನ್ ತಪ್ಪಿದವರಂಗ ಬಾಗಲಾಗ ನಿಂತಿದ್ದಿ. ಸುಮ್ನ ಕುಂದ್ರಿಸಿದ್ರ ಅತ್ತಬಿಡ್ತಿದ್ದಿ. ಅದಕ್ಕ ಕೆಲಸಕ್ಕ ಹಚ್ಚಿದೆ.”

ಎರಡು ವರ್ಷದ ಹಿಂದೆ ಆಪಾ ನಿವೃತ್ತರಾಗಿ ಬರ್ಮಿಂಗ್‌ಹ್ಯಾಮಿನ ಮಗಳ ಮನೆಗೆ ಹೋದರು. ಅಲ್ಲಿಂದಾಚೆ ನನ್ನ ಕನ್ನಡಕ್ಕೆ ತುಕ್ಕು ಹಿಡಿಯುತ್ತಿದೆ. ಹೆಂಡತಿಯ ಜೊತೆ ಮಾತಾಡಲು ಅವಳ ಡ್ಯೂಟಿ ಪಟ್ಟಿ ನೋಡಬೇಕು. ಇಲ್ಲೇ ಹುಟ್ಟಿದ ನಮ್ಮ ಮಗನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮುಚ್ಚುಮರೆ ಯಾಕೆ, ನನಗೆ ಬಹಳ ಬೇಸರವಾಗಿತ್ತು. ಹಾಗಿರುವಾಗ ಕಳೆದ ವಾರ ಆಪಾ ಫೋನ್ ಮಾಡಿದರು. “ದೀಪಾ ಅಂತ ಒಬ್ಬಾಕಿ, ಮೈಸೂರಿನ ಹುಡುಗಿ. ಲೆಸ್ಟರ್‌ನಾಗ ಫಿಸಿಯೋಥೆರಪಿಸ್ಟ್ ಅದಾಳ. ನಿಮ್ಮೂರಾಗ ಕೆಲಸ ಸಿಕ್ಕೈತಿ, ಸೋಮವಾರದೊಳಗ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು. ಶನಿವಾರ ಬರ್ತಾಳ. ಊರು ತೋರಿಸು.”

ನಾನು ಕುರ್ಚಿಯಿಂದ ಎದ್ದೇ ನಿಂತೆ. ಅಂದು ಸಂಜೆಯೇ ಪಟ್ಟಿ ಬರೆಯಲು ಕೂತೆ. ಊರೆಲ್ಲ ಚಪ್ಪಟೆ, ಸೈಕಲ್ ಸಾಕು. ಕೊಡೆ ತರಬೇಡ, ಗಾಳಿ ಅದನ್ನು ಡೆನ್ಮಾರ್ಕಿಗೆ ಒಯ್ಯುತ್ತದೆ. ನೀರು ಕಂದು ಬಣ್ಣಕ್ಕಿದೆ ಎಂದು ಮೂಗು ಮುರಿಯಬೇಡ, ಇದು ಹಂಬರ್ ನದಿ ಸಮುದ್ರ ಸೇರುವ ಜಾಗ. ಉಬ್ಬರದ ವೇಳೆ ನೋಡಿಕೊಂಡು ನದಿಯ ಕಟ್ಟೆಗೆ ಹೋಗು, ಎದೆ ಝಲ್ಲೆನ್ನುತ್ತದೆ. ಇಲ್ಲಿನ ಟೆಲಿಫೋನ್ ಬೂತು ಬೇರೆ ಊರಿನ ಹಾಗೆ ಕೆಂಪಲ್ಲ, ಕೆನೆ ಬಣ್ಣ. ಹಳೇ ಪೇಟೆಯಲ್ಲಿ ‘ಹಸಿ ಶುಂಠಿಯ ನಾಡು’ ಎಂಬ ಅರ್ಥದ ಹೆಸರಿನ ಬೀದಿಯೇ ಇದೆ, ಯಾಕೆ ಎಂದು ಊರಿನವರಿಗೇ ಖಾತ್ರಿಯಿಲ್ಲ. ಹೀಗೆ ಇಪ್ಪತ್ತೆರಡು ಅಂಶಗಳಾದವು. ಹೆಂಡತಿ ಓದಿ, “ಹುಡುಗಿ ಕೆಲಸಕ್ಕೆ ಬರ್ತಿದಾಳೋ, ಪರೀಕ್ಷೆಗೋ?” ಅಂದಳು.

ಶನಿವಾರ ದೀಪಾ ಬಂದಳು. ಸ್ಟೇಷನ್ನಿನಿಂದ ನೇರ ದೊಡ್ಡ ತೂಗುಸೇತುವೆಗೆ ಕರೆದೊಯ್ದೆ. ಮಂಜು! “ಅಗೋ ಅಲ್ಲಿದೆ ನೋಡಮ್ಮ, ಎಂಥಾ ಸೇತುವೆ!” ಅಂದೆ. ಅವಳು ಕಣ್ಣು ಕಿರಿದು ಮಾಡಿ, “ಎಲ್ಲಿ ಅಂಕಲ್?” ಅಂದಳು. ಮಂಜು ಕರಗಲೆಂದು ಕಾರಿನಲ್ಲಿ ಬೆಳಿಗ್ಗೆ ಮಾಡಿದ್ದ ಮಂಡಕ್ಕಿ ತಿನ್ನುತ್ತ ಎರಡು ಗಂಟೆ ಕಾದೆವು. ಕರಗಲಿಲ್ಲ. ಪೇಟೆಗೆ ಬರುವ ದಾರಿಯಲ್ಲಿ ದೋಣಿಗೆ ಜಾಗ ಬಿಡಲು ಸಣ್ಣ ಸೇತುವೆ ಎದ್ದು ನಿಂತಿತು. ಇಲ್ಲಿ ಆಫೀಸಿಗೆ ತಡವಾದವರೆಲ್ಲ ಹೇಳುವ ನೆಪ ಇದೇ ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಅವಳು ಆಕಳಿಕೆ ನುಂಗಿದಳು. ಕಟ್ಟೆ ತಲುಪುವಷ್ಟರಲ್ಲಿ ಉಬ್ಬರ ಇಳಿದಿತ್ತು. ಎದೆ ಝಲ್ಲೆನ್ನಬೇಕಾದ ಕಡೆ ಕೆಸರು, ಕೆಸರಿನ ಮೇಲೆ ಎರಡು ಹಕ್ಕಿ.

“ನೈಸ್ ಆಗಿದೆ ಅಂಕಲ್,” ಅಂದಳು ದೀಪಾ. ಸಂಬಂಧ ನೋಡಲು ಬಂದವರು ‘ಊರಿಗೆ ಹೋಗಿ ಕಾಗದ ಬರೀತೀವಿ’ ಅನ್ನುವ ದನಿ ಅದು. ಮನೆಗೆ ಬಂದು ಕೂತವಳೇ ಮೊಬೈಲ್ ತೆಗೆದಳು. “ಐದೂವರೆ ಟ್ರೇನ್ ಬುಕ್ ಮಾಡಿದ್ದೆ. ನಾಲ್ಕಕ್ಕೂ ಒಂದಿದೆಯಂತೆ. ಲೆಸ್ಟರ್‌ನಲ್ಲಿ ಎಲ್ಲ ಮನೆ ಹತ್ತಿರಾನೇ ಅಂಕಲ್, ದೇವಸ್ಥಾನ, ಕರಿಬೇವು, ಫ್ರೆಂಡ್ಸ್... ಇಲ್ಲಿ ನಾನೊಬ್ಬಳೇ ಏನ್ ಮಾಡ್ಲಿ?”

ಪಟ್ಟಿಯಲ್ಲಿ ಇನ್ನೂ ಹದಿನಾರು ಅಂಶ ಬಾಕಿ ಇದ್ದವು, ಒಂದರಲ್ಲೂ ಕರಿಬೇವು ಇರಲಿಲ್ಲ. ಚಹಾ ಇಡೋಣವೆಂದು ಅಡುಗೆಮನೆಗೆ ಹೋದೆ. ಬೆಳಿಗ್ಗೆ ತೆಗೆದ ಡಬ್ಬಿ ಮುಚ್ಚಳವಿಲ್ಲದೆ ಅಲ್ಲೇ ಇತ್ತು. ಅದರ ಪಕ್ಕದಲ್ಲಿ, ಅಯ್ಯೋ ನನ್ನ ಬುದ್ಧಿಯೇ, ಒಂದು ಪೊಟ್ಟಣ ಬ್ರೆಡ್‌ಕೇಕ್. ಅದನ್ನು ಅಕ್ಕಿ ಡಬ್ಬಿಯ ಹಿಂದಕ್ಕೆ ತಳ್ಳಿ, ಬಜ್ಜಿಗೆ ಎಣ್ಣೆ ಇಟ್ಟು ಹೊರಗೆ ಬಂದೆ.

“ದೀಪಾ, ಒಂದು ಕೆಲಸ ಆಗ್ಬೇಕಲ್ಲಮ್ಮ. ನಾಲ್ಕು ಬ್ರೆಡ್‌ಕೇಕ್ ತಗೊಂಡ್ ಬಾ. ಹಿಂದಿನ ಟೆನ್‌ಫುಟ್ ಹಿಡಿದು ಹೋಗು, ಮೂಲೆ ಅಂಗಡಿ.”

“ನಾನಾ? ಏನ್ ಕೇಕು?” ಅಂದಳು. ಅವಳನ್ನು ಹಿತ್ತಲಿಗೆ ದಾಟಿಸಿ ಆಪಾರ ಹಾಗೆ ಬಾಗಿಲು ಹಾಕಿಕೊಂಡೆ, ಆದರೆ ಅವರಷ್ಟು ಗಟ್ಟಿಗನಲ್ಲವಾದ್ದರಿಂದ ಕಿಟಕಿಯಿಂದ ನೋಡುತ್ತಿದ್ದೆ. ಹತ್ತು ನಿಮಿಷದ ಕೆಲಸ. ಅರ್ಧ ಗಂಟೆಯಾದರೂ ಸುದ್ದಿಯಿಲ್ಲ. ಸ್ಟೇಷನ್ನಿಗೇ ಹೋದಳೇನೋ ಎಂದು ಕಿಟಕಿ ತೆರೆದು ಕತ್ತು ಹೊರಗೆ ಚಾಚಿದೆ. ಮೊದಲನೆಯ ಬಜ್ಜಿ ಕರಕಲಾಯಿತು.

ಬಂದಳು! ಕೂದಲು ಕೆದರಿ, ಕೆನ್ನೆ ಕೆಂಪಾಗಿ, ಕೈಯಲ್ಲಿ ನಾಲ್ಕಲ್ಲ, ಆರು ಬನ್ನು.

“ಅಂಕಲ್, ಸಾರಿ, ಲೇಟಾಯ್ತು! ಆ ಅಂಗಡಿ ಲೇಡಿಗೆ ಭುಜ ಹಿಡ್ಕೊಂಡಿದೆ. ಎರಡು ಎಕ್ಸರ್‌ಸೈಜ್ ತೋರಿಸ್ದೆ, ಅಲ್ಲಿದ್ದೋರೆಲ್ಲ ನಿಂತ್ಕೊಂಡು ಮಾಡಿದ್ರು! ಬನ್ನು ಖಾಲಿಯಾಗಿತ್ತು, ತಮ್ಮನೆಗೆ ಎತ್ತಿಟ್ಟಿದ್ದ ಆರನ್ನೂ ಕೊಟ್ರು, ದುಡ್ಡೂ ಪೂರ್ತಿ ತಗೊಳ್ಳಲಿಲ್ಲ. ಶನಿವಾರ ಹತ್ತರೊಳಗೆ ಬರಬೇಕಂತೆ. ಭುಜ ಹೇಗಾಯ್ತು ಅಂತ ನಾನು ಬಂದು ನೋಡ್ಬೇಕಂತೆ.”

“ನೀನೇನಂದೆ?”

“ಬರ್ತೀನಿ, ಎರಡು ಎತ್ತಿಡಿ ಅಂದೆ.” ಆಡಿದ ಮೇಲೆ ತಾನೇ ಮೊಬೈಲಿನಲ್ಲಿದ್ದ ಟ್ರೇನ್ ಪುಟ ಮುಚ್ಚಿದಳು. ಆಮೇಲೆ ನಾನು ಬಜ್ಜಿ ಇಟ್ಟು ಕೊಟ್ಟ ಬನ್ನನ್ನು ಕಚ್ಚಿ, ಬಾಯಿ ತುಂಬ ತುಂಬಿಕೊಂಡೇ ಕೇಳಿದಳು. “ಅಂಕಲ್, ಈ ರೋಡ್ ಪೋಸ್ಟ್‌ಕೋಡ್ ಏನು? ಇಲ್ಲೇ ಹತ್ತಿರ ಬಾಡಿಗೆಗೆ ಏನಾದ್ರೂ ಇದೆಯಾ ನೋಡ್ತೀನಿ.”

ಬೆಳಿಗ್ಗೆಯಿಂದ ಊರಿನ ಚರಿತ್ರೆಯನ್ನೆಲ್ಲ ಒದರಿದ ನನಗೆ, ಹದಿನಾಲ್ಕು ವರ್ಷದಿಂದ ಇರುವ ಮನೆಯ ಪೋಸ್ಟ್‌ಕೋಡ್ ನೆನಪಾಗಲಿಲ್ಲ. ಕಣ್ಣು ಬೇರೆ ಮಂಜಾಗಿತ್ತು. ಕೊನೆಗೆ ಡ್ರಾಯರೆಲ್ಲ ಜಾಲಾಡಿ, ವಿಳಾಸವಿದ್ದ ಮನೆಗಂದಾಯದ ಪತ್ರವನ್ನು ಹುಡುಕಿ ತಂದು ಅವಳ ಕೈಗೇ ಕೊಟ್ಟೆ.