ಸೆನಾಮಿ ಕಲಿಸಿದ ನಾನು, ನೀನು

ಇವತ್ತು ಬೆಳಿಗ್ಗೆ ಪಾತ್ರೆ ತೊಳೆದು ಬುಟ್ಟಿಗೆ ಹಾಕುವಾಗ ಆ ಸಣ್ಣ ಚಮಚ ಜಾರಿ ಮೋರಿಗೆ ಬಿತ್ತು. ಮೋರಿ ಅಂದರೆ ನಮ್ಮ ಕೋಪರಖೈರಣೆಯ ಮನೆಗಳಲ್ಲಿ ಪಾತ್ರೆ, ಮೈ, ಬಟ್ಟೆ ಎಲ್ಲವನ್ನೂ ತೊಳೆಯುವ ಮೂಲೆ. ನಾನು ಕೂತು, ಜಾಲರಿ ಎತ್ತಿ, ಕೈ ಹಾಕಿ ಹುಡುಕಿದೆ. ನನ್ನ ವಯಸ್ಸಿಗೆ ಕೂರುವುದು ಸುಲಭ, ಏಳುವುದಕ್ಕೆ ಗೋಡೆ ಬೇಕು. ಬಾಗಿಲಲ್ಲಿ ಪಕ್ಕದ ಮನೆಯ ಸರಸವ್ವ ನಿಂತು ನೋಡುತ್ತಿದ್ದಳು. ಅವಳಿಗೆ ಬೆಳಗಿನ ಕೆಲಸವೇ ಅದು.

"ಒಂದ್ ಬೆರಳ ಉದ್ದ ಚಮಚಕ್ಕ ಇಷ್ಟ್ ಗುದ್ದಾಡ್ಲಿಕತ್ತಿಯಲ್ಲ. ನಿನ್ನ ಮನ್ಯಾಗ ಹಾಲು ಕುಡಿಯೋ ಕೂಸ ಅದ ಏನ?"

"ಅದ. ನಿನಗ್ಯಾಕ?" ಅಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿದೆ ಅಂದುಕೊಂಡಳು. ಚಮಚ ಸಿಕ್ಕಿತು, ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಅದರ ಕಥೆ ಸರಸವ್ವನಿಗೆ ಹೇಳಿದರೆ ಓಣಿ ತುಂಬಾ ಹರಡುತ್ತಾಳೆ. ನೀವು ದೂರದವರು, ನಿಮಗೆ ಹೇಳಬಹುದು.

ನಮ್ಮವರು ತುರ್ಭೆಯ ಮಾರ್ಕೆಟಿನಲ್ಲಿ ಹಮಾಲಿ ಮಾಡುತ್ತಿದ್ದರು. ಈರುಳ್ಳಿ ಚೀಲ ಹೊತ್ತು ಹೊತ್ತು ಈ ಮನೆ ಮಾಡಿದರು, ಮೇಲೊಂದು ರೂಮು ಏರಿಸಿದರು, ಆಮೇಲೆ ಹೋದರು. ಮಕ್ಕಳು ಬೇರೆ ಇದ್ದಾರೆ, ಒಬ್ಬ ಶಹಾಡ್, ಒಬ್ಬ ಡೊಂಬಿವಲಿ. ನಾನು ಜೋಳದ ರೊಟ್ಟಿ ಬಡಿದು ಮಾರುತ್ತೇನೆ, ಮೇಲಿನ ರೂಮು ಬಾಡಿಗೆಗೆ ಕೊಡುತ್ತೇನೆ. ಓದು ಬರಹ ಕಲಿತದ್ದು ಮುದುಕಿಯಾದ ಮೇಲೆ. ಅದಕ್ಕೇ ಅಕ್ಷರ ದಪ್ಪ, ಮಾತು ಮೊಟಕು.

ಒಂದು ದಿನ ರೂಮು ಹಿಡಿದುಕೊಡುವ ಏಜೆಂಟ್ ಬಂದ. "ಮೌಸಿ, ಆಫ್ರಿಕಾದವರಿದ್ದಾರೆ. ತಾಯಿ, ಮಗಳು. ಮಗಳ ಎದೆಯ ಆಪರೇಷನ್ ಇದೆ. ಯಾರೂ ರೂಮು ಕೊಡುತ್ತಿಲ್ಲ," ಅಂದ. ಬಾಡಿಗೆ ಕೊಡುತ್ತಾರೋ ಇಲ್ಲವೋ ಎಂದು ಕೇಳಿದೆ. ಕೊಡುತ್ತಾರೆ ಅಂದ. ಮತ್ತೆ ಇನ್ನೇನು ಕೇಳಬೇಕು? ಸಂಜೆ ಅವರು ಬಂದರು. ತಾಯಿಯ ಹೆಸರು ಸೆನಾಮಿ, ಊರು ಬೆನಿನ್ ಎಂಬ ದೇಶ. ಮಗಳಿಗೆ ಆರು ವರ್ಷ ಇರಬಹುದು. ಅವಳ ಹೆಸರು ನನ್ನ ನಾಲಗೆಗೆ ಕಡೆಯವರೆಗೂ ಹತ್ತಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿ ಕೂತು ಉಸಿರು ಹಾಕುತ್ತಿದ್ದಳು, ಗುಬ್ಬಿ ಹಾಗೆ ಎದೆ ಹಾರುತ್ತಿತ್ತು. ಗುಬ್ಬಿ ಎಂದೇ ಕರೆದೆ.

ಸೆನಾಮಿ ಮೊದಲೂ ಮುಂಬಯಿಗೆ ಬಟ್ಟೆ ಖರೀದಿಗೆ ಬಂದುಹೋದವಳು, ಬಜಾರದ ಹಿಂದಿ ಬರುತ್ತಿತ್ತು. ಅವಳ ಹಿಂದಿ, ನನ್ನ ಹಿಂದಿ ಎರಡೂ ಒಂದೇ ಗಾಡಿಯಿಂದ ಬಿದ್ದ ಸಾಮಾನು. ಬಂದದ್ದು ಹೆಂಗಸಾದರೂ 'ಆಯಾ', ಗಂಡಸಾದರೂ 'ಆಯಾ', ಹೆಣ್ಣು ಗಂಡು ಭೇದವಿಲ್ಲ. ಹಾಗಾಗಿ ನಮಗಿಬ್ಬರಿಗೆ ತೊಂದರೆಯೇ ಆಗಲಿಲ್ಲ.

ತೊಂದರೆ ಗುಬ್ಬಿಯದು. ಅವಳಿಗೆ ಬರುತ್ತಿದ್ದುದು ಮನೆಮಾತು ಒಂದೇ. ಆ ಮಾತಿನ ಹೆಸರು ಫೊನ್. ಕೈಯಲ್ಲಿ ಹಿಡಿದು ಮಾತಾಡುವ ಫೋನಲ್ಲ. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಯಾವಾಗಲೂ ಒಬ್ಬರು, ಒಬ್ಬರೇ, ಇರಬೇಕು ಎಂಬುದು ಕಾನೂನು. ಸೆನಾಮಿ ರಕ್ತ, ಔಷಧಿ, ಸಹಿ ಎಂದು ಓಡಾಡುವಾಗ ಮಗುವಿನ ಹತ್ತಿರ ಯಾರು ಕೂರಬೇಕು? ನಾನು ಕೂರುತ್ತೇನೆ ಅಂದೆ. "ನನಗೆ ನೀರು, ನೋವು, ಉಚ್ಚೆ, ಈ ಮೂರು ಮಾತು ಹೇಳಿಕೊಡು, ಸಾಕು," ಅಂದೆ.

ಸೆನಾಮಿ ತಲೆ ಅಲ್ಲಾಡಿಸಿದಳು. "ಪೆಹಲೇ ಆದಮೀ, ಮೌಸಿ. ಪಾನೀ ಬಾದ್ ಮೇ." ಮೊದಲು ಮನುಷ್ಯರು, ನೀರು ಆಮೇಲೆ. ಮಗು ನೀರನ್ನು ಬೆರಳು ತೋರಿಸಿ ಕೇಳುತ್ತದೆ. ಆದರೆ ಯಾರು ಬಂದರು, ಯಾರು ಹೋದರು, ತನ್ನ ಹತ್ತಿರ ಯಾರಿದ್ದಾರೆ, ಅದನ್ನು ಮಾತಿನಲ್ಲೇ ಹೇಳಬೇಕು ಎಂಬುದು ಅವಳ ಲೆಕ್ಕ. ನನಗೆ ಆಗ ಸಿಟ್ಟು ಬಂತು. ಈಗ ಅನಿಸುತ್ತದೆ, ಅಂಥ ಮೇಷ್ಟ್ರು ನನಗೆ ಚಿಕ್ಕಂದಿನಲ್ಲಿ ಸಿಕ್ಕಿದ್ದರೆ ನಾನು ರೊಟ್ಟಿ ಬಡಿಯುತ್ತಿರಲಿಲ್ಲ.

ಪಾಠ ನಡೆದದ್ದು ನನ್ನ ಒಲೆಯ ಮುಂದೆ. ನಾನು ರೊಟ್ಟಿ ಬೇಯಿಸುತ್ತಿದ್ದೆ, ಅವಳು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ತನ್ನ ಎದೆ ಮುಟ್ಟಿ "ಉನ್ ಡು ನು" ಅಂದಳು. ನಾನು ಉಂಡೆ. ನನ್ನ ಬಾಯಿಗೊಂದು ತುಂಡು ಇಟ್ಟು "ಅ ಡು ನು". ನೀನು ಉಂಡೆ. ಗುಬ್ಬಿಯ ಕಡೆ ತೋರಿಸಿ "ಎ ಡು ನು". ಆಮೇಲೆ ಕಿಟಕಿಯಲ್ಲಿದ್ದ ಬೆಕ್ಕಿಗೆ ಒಂದು ಚೂರು ಎಸೆದು, ಅದಕ್ಕೂ "ಎ ಡು ನು". ಗೋಡೆಯ ಮೇಲಿನ ನಮ್ಮವರ ಫೋಟೋ ತೋರಿಸಿ ಅವರಿಗೂ ಅದೇ "ಎ".

"ಅವರಿಗೂ ಅದೇನಾ?" ಅಂದೆ.

"ಸಬ್ ಕೋ ಏಕ್ ಹೀ, ಮೌಸಿ."

ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಆ ಮನುಷ್ಯನ ಹೆಸರನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಅವರು, ಇವರು, ನಮ್ಮನೆಯವರು, ಇಷ್ಟರಲ್ಲೇ ಸಂಸಾರ ಮುಗಿಯಿತು. ನನ್ನನ್ನು ಮಾತ್ರ ನಮ್ಮತ್ತೆ ಆಳಂದದ ಮನೆಯಲ್ಲಿ 'ಅದು' ಅನ್ನುತ್ತಿದ್ದಳು. "ಅದು ನೀರಿಗಿ ಹೋಗ್ಯದ, ಇನ್ನಾ ಬಂದಿಲ್ಲ." ನಮ್ಮ ಕಡೆ ಹಾಗೆ ಅನ್ನುವುದು ಬೈಗುಳವಲ್ಲ, ರೂಢಿ. ಹೆಂಗಸು, ಎಮ್ಮೆ, ಕೊಡ ಒಂದು ಕಡೆ; ಗಂಡಸು ಒಂದು ಕಡೆ. ಸೆನಾಮಿಯ ಮಾತಿನಲ್ಲಿ ಗಂಡ, ಹೆಂಡತಿ, ಬೆಕ್ಕು ಒಂದೇ ಚಾಪೆಯ ಮೇಲೆ ಕೂತಿದ್ದರು. ಅಲ್ಲಿಯೂ ಹೆಂಗಸರು ದುಡಿದು ಸಾಯುತ್ತಾರಂತೆ, ಸೆನಾಮಿಯೇ ಹೇಳಿದಳು. ಆದರೂ ಆ ಒಂದು ಮಾತಿನಷ್ಟು ಜಾಗ ಸಮ ಇದೆಯಲ್ಲ, ಅದು ನನಗೆ ಹಿಡಿಸಿತು. ಇನ್ನೊಂದೂ ಹಿಡಿಸಿತು. ಯಾರು ಉಂಡರೂ 'ಡು ನು' ಜಾಗ ಬಿಟ್ಟು ಕದಲುವುದಿಲ್ಲ. ನಮ್ಮ ಹಾಗೆ ಉಂಡೆ, ಉಂಡ, ಉಂಡಳು, ಉಂಡಿತು ಎಂದು ಬಾಲ ಬದಲಿಸುವ ಗೊಡವೆ ಇಲ್ಲ. ನನ್ನಂಥ ದಡ್ಡಿಗೆ ಮಾಡಿಟ್ಟಂಥ ಮಾತು.

'ನ್ಯೆ' ಎಂಬುದನ್ನೂ ಹೇಳಿಕೊಟ್ಟಳು. ಅದೂ ನಾನು ಎಂದೇ, ಆದರೆ ಒತ್ತಿ ಹೇಳುವ ನಾನು. ಯಾರು ಎಂದು ಕೇಳಿದಾಗ ಎದೆ ಕೊಟ್ಟು ನಿಲ್ಲುವ ನಾನು. "ಮೆ?" ಅಂದರೆ ಯಾರು. "ನ್ಯೆ" ಅಂದರೆ ನಾನೇ. ಒಂದು ವಾರ ನಾನು ಹಾಲಿನವನಿಗೂ ಬಾಗಿಲ ಹಿಂದಿನಿಂದ "ನ್ಯೆ" ಅನ್ನುತ್ತಿದ್ದೆ.

"ಆ ಮಾತ ಕಲತು ವಿಮಾನ ಹತ್ತಾಕಿ ಏನ ಯವ್ವಾ?" ಅಂದಳು ಸರಸವ್ವ.

"ನೀ ಇಲ್ಲಿ ಮೂವತ್ ವರ್ಷ ಇದ್ದು ಮರಾಠಿನೇ ಕಲ್ತಿಲ್ಲ, ಸುಮ್ಕಿರು," ಅಂದೆ.

ಇಷ್ಟರಲ್ಲಿ ಒಂದು ಸಂಗತಿ ನೋಡಿದ್ದೆ. ಊಟಕ್ಕೆ ಕರೆಯುವಾಗ ಸೆನಾಮಿ ಮಗಳಿಗೆ 'ಮಿ' ಅನ್ನುತ್ತಿದ್ದಳು, 'ಮಿ ವಾ ಡು ನು'. ಒಬ್ಬರಿಗಿಂತ ಹೆಚ್ಚು ಜನರಿಗೆ ಹೇಳುವ ಮಾತು ಅದು, ನೀವು ಬನ್ನಿ, ಉಣ್ಣಿ ಎಂದು. ಆರು ವರ್ಷದ ಕೂಸಿಗೆ ನೀವು ಅನ್ನುವ ಜನ ಎಂದು ನಾನು ಬೆರಗಾದೆ. ಮೈಸೂರಿನ ದೊಡ್ಡ ಮನೆಯವರ ರೀತಿ ಎಂದುಕೊಂಡು, ನಾನೂ ಮರ್ಯಾದೆಯಿಂದ ಸೆನಾಮಿಗೆ 'ಮಿ' ಎಂದೇ ಊಟ ಆಯಿತೇ ಎಂದು ಕೇಳಿದೆ. ಅವಳು ಹಿಂದೆ ತಿರುಗಿ ನೋಡಿದಳು, ತನ್ನ ಬೆನ್ನ ಹಿಂದೆ ಯಾರು ಬಂದರು ಎಂದು. ಆಗಲೂ ನನಗೆ ತಿಳಿಯಲಿಲ್ಲ.

ತಿಳಿದದ್ದು ಬಟ್ಟೆ ಒಣಹಾಕಿದ ದಿನ. ಮೇಲಿನ ರೂಮಿನ ಹಾಸಿಗೆ ಕೊಡವುವಾಗ ಒಂದು ಮರದ ಗೊಂಬೆ ಸಿಕ್ಕಿತು. ಗೇಣುದ್ದ, ಮುಖ ಸವೆದು ನುಣ್ಣಗಾಗಿತ್ತು, ಗುಬ್ಬಿಯ ಲಂಗದ್ದೇ ಬಟ್ಟೆಯಲ್ಲಿ ಅದಕ್ಕೊಂದು ಅಂಗಿ. ಇವರ ದೇವರು ಹಾಸಿಗೆಯಲ್ಲಿ ಬಿದ್ದಿದೆಯಲ್ಲ ಎಂದು ನನಗೆ ಜೀವ ತಡೆಯಲಿಲ್ಲ. ಕೆಳಗೆ ತಂದು ಗೋಡೆಯಲ್ಲಿನ ನಮ್ಮ ದೇವರ ಮಾಡದಲ್ಲಿ ಕೂರಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಒಂದು ಚೆಂಡುಹೂ ಇಟ್ಟು, ಊದಿನಕಡ್ಡಿ ಹಚ್ಚಿದೆ. ಸೆನಾಮಿ ಬಂದು ನೋಡಿದಳು. ಸಿಟ್ಟಾಗಲಿಲ್ಲ. ಗೊಂಬೆಯನ್ನು ಇಳಿಸಿ, ಸೆರಗಿನಂಥ ತನ್ನ ಬಟ್ಟೆಯ ತುದಿ ಒದ್ದೆ ಮಾಡಿ, ಮಗುವಿನ ಮೂಗು ಒರೆಸುವ ಹಾಗೆ ಭಂಡಾರ ಒರೆಸಿದಳು.

"ಭಗವಾನ್ ನಹೀ, ಮೌಸಿ. ಬೇಟೀ. ದೋ ಹೈ."

ಅವಳಿಗೆ ಅವಳಿಜವಳಿ ಹೆಣ್ಣುಮಕ್ಕಳು ಹುಟ್ಟಿದ್ದವು. ಒಂದು ಹೋಯಿತು. ಅವರ ಕಡೆ ಜೋಡಿಯಲ್ಲಿ ಒಂದು ಹೋದರೆ ಅದಕ್ಕೊಂದು ಮರದ ಮೈ ಕೆತ್ತಿಸುತ್ತಾರೆ. ಇನ್ನೊಂದಕ್ಕೆ ಸ್ನಾನ ಮಾಡಿಸಿದಾಗ ಇದಕ್ಕೂ ಸ್ನಾನ, ಅದಕ್ಕೆ ಬಟ್ಟೆ ಹೊಲಿದಾಗ ಇದಕ್ಕೂ ಬಟ್ಟೆ, ಸಣ್ಣ ಚಮಚದಲ್ಲಿ ಇದಕ್ಕೂ ಒಂದು ತುತ್ತು. ಊಟಕ್ಕೆ ಕರೆಯುವ ಆ 'ಮಿ' ಇಬ್ಬರಿಗೂ ಸೇರಿದ್ದು. "ಸತ್ತದ್ದೇನಾ?" ಎಂದು ನಾನು ನೇರ ಕೇಳಿದೆ. ನನಗೆ ಸುತ್ತಿ ಕೇಳುವುದು ಬರುವುದಿಲ್ಲ.

"ಮರ್ ಗಯಾ ನಹೀ ಬೋಲನೇ ಕಾ. ಲಕಡೀ ಲೇನೇ ಗಯಾ, ಜಂಗಲ್." ಸೌದೆ ತರಲು ಕಾಡಿಗೆ ಹೋಗಿದೆ, ಹಾಗೆ ಅನ್ನಬೇಕು.

ಮರಕ್ಕೆ ಅನ್ನ ತಿನ್ನಿಸುವವರು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಕಲ್ಲಿಗೆ ಹಾಲೆರೆಯುವ ನಾನು. ನಿನಗೆ ಎಷ್ಟು ಮಕ್ಕಳು ಎಂದು ಅವಳು ಕೇಳಿದಳು. ಇಬ್ಬರು ಅಂದೆ.

ಆಪರೇಷನ್ ದಿನ ಬೆಳಿಗ್ಗೆ ಸೆನಾಮಿಯನ್ನು ಡಾಕ್ಟರು ಒಳಗಿನ ಕೋಣೆಗೆ ಸಹಿಗೆ ಕರೆದರು. ಗುಬ್ಬಿಯ ಹತ್ತಿರ ನಾನಿದ್ದೆ. ತಳ್ಳುವ ಮಂಚ ತಂದರು. ಗುಬ್ಬಿ ಗೊಂಬೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ಉಡುಪಿ ಕಡೆಯ ನರ್ಸಮ್ಮ ನನ್ನ ಸೀರೆ ನೋಡಿಯೇ ಕನ್ನಡದಲ್ಲಿ ಮಾತಾಡಿಸಿದಳು.

"ಅಜ್ಜಿ, ಅದೆಲ್ಲ ಒಳಗೆ ಆಗುದಿಲ್ಲ ಮಾರಾಯ್ರೆ. ನೀವೇ ತೆಗೀರಿ. ನಾವು ಎಳೆದ್ರೆ ಅಳ್ತದೆ, ಈ ಮಗು ಅಳುವ ಹಾಗಿಲ್ಲ."

ಅಳುವ ಹಾಗಿಲ್ಲ ಯಾಕೆ ಎಂದು ನನಗೆ ಗೊತ್ತಿತ್ತು. ಒಂದು ಸಲ ಅತ್ತಾಗ ತುಟಿ ನೀಲಿಯಾಗಿ ಕಣ್ಣು ಮೇಲೆ ಹೋಗಿದ್ದನ್ನು ನೋಡಿದ್ದೆ. ಸೆನಾಮಿ ಇನ್ನೂ ಬಂದಿರಲಿಲ್ಲ. ಕೈ ಚಾಚಿದೆ. ಗುಬ್ಬಿ ಗೊಂಬೆಯನ್ನು ಇನ್ನಷ್ಟು ಒತ್ತಿಕೊಂಡು ಗಡಗಡ ಏನೋ ಕೇಳಿದಳು. 'ಡು ನು' ಮಾತ್ರ ತಿಳಿಯಿತು. ಕಡೆಗೆ ಒಂದೇ ಮಾತಿಗೆ ಬಂದಳು.

"ಮೆ?"

ಯಾರು? ಇವಳಿಗೆ ಯಾರು ಉಣ್ಣಿಸುತ್ತಾರೆ? ನೀರು, ನೋವು, ಉಚ್ಚೆ, ನಾನು ಬೇಡಿದ್ದ ಆ ಮಾತುಗಳಲ್ಲಿ ಯಾವುದೂ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ.

"ನ್ಯೆ," ಅಂದೆ.

ಅವಳು ನನ್ನ ಮುಖ ನೋಡಿದಳು. ಮಕ್ಕಳು ಸುಳ್ಳನ್ನು ಕಣ್ಣಿನಲ್ಲಿ ಹುಡುಕುತ್ತವೆ. ನಾನು ಗೊಂಬೆ ಇಸಿದುಕೊಂಡು, ಅವಳ ತಾಯಿ ಸಿಕ್ಕಿಸಿಕೊಳ್ಳುವ ಹಾಗೆಯೇ ಸೊಂಟದ ಸೀರೆಯಲ್ಲಿ ಸಿಕ್ಕಿಸಿದೆ. ಗುಬ್ಬಿ ತಲೆದಿಂಬಿನ ಕೆಳಗಿನಿಂದ ಚಮಚ ತೆಗೆದು ನನ್ನ ಕೈಗೆ ಕೊಟ್ಟಳು. ಅಳದೆ ಒಳಗೆ ಹೋದಳು.

ಹೇಳಿದ ಮೇಲೆ ಮಾಡಬೇಕು. ಕ್ಯಾಂಟೀನಿನಲ್ಲಿ ಅನ್ನ, ಮೊಸರು ತೆಗೆದುಕೊಂಡು ಬಾಗಿಲ ಎದುರಿನ ಬೆಂಚಿನ ಮೇಲೆ ಕೂತು, ಮರದ ಬಾಯಿಗೆ ಚಮಚ ಹಿಡಿದೆ. ಹೋಗಿ ಬರುವವರು ನಿಂತು ನೋಡಿದರು. ವಾಚ್‌ಮನ್ ಇನ್ನೊಬ್ಬನ ಕಡೆ ತಿರುಗಿ ಹಣೆಯ ಹತ್ತಿರ ಬೆರಳು ತಿರುಗಿಸಿದ. ನಾನು ಅವನನ್ನು ಒಮ್ಮೆ ನೋಡಿದೆ, ಅವನು ಬೇರೆ ಕಡೆ ಹೋದ. ನನಗೆ ನಂಬಿಕೆ ಬಂದಿರಲಿಲ್ಲ, ಈಗಲೂ ಬಂದಿಲ್ಲ. ಆದರೆ ಆ ಸಣ್ಣ ತುತ್ತು ಹಿಡಿದು ಕೂತಾಗ ಕೈಗೆ ನೆನಪಾಯಿತು. ತಲೆಗಿಂತ ಮೊದಲು ಕೈಗೆ.

ಸೆನಾಮಿ ಬಂದು ಪಕ್ಕದಲ್ಲಿ ಕೂತಳು. ನನ್ನ ಕೈ ನೋಡಿದಳು. ನಾನೇ ಹೇಳಿದೆ. ಇಬ್ಬರಲ್ಲ, ಮೂರು. ನಡುವೆ ಒಂದು ಹೆಣ್ಣು ಇತ್ತು. ತುರ್ಭೆಯ ತಗಡಿನ ಪತರೆ ಮನೆಯಲ್ಲಿದ್ದಾಗ ಜ್ವರ ಬಂದು ಹೋಯಿತು. ಹೋದ ಕೂಸಿನ ಹೆಸರು ಹಿಡಿಯಬಾರದು, ಉಳಿದವಕ್ಕೆ ಕೇಡು ಎಂದು ಅತ್ತೆ ಹೇಳಿದಳು. ಹಿಡಿಯಲಿಲ್ಲ. ಫೋಟೋ ಇರಲಿಲ್ಲ. ಮಕ್ಕಳಿಗೆ ತಮ್ಮ ನಡುವೆ ಒಬ್ಬಳು ಇದ್ದಳೆಂದು ಗೊತ್ತಿಲ್ಲ.

"ನಾಮ್?" ಎಂದು ಕೇಳಿದಳು ಸೆನಾಮಿ.

"ಗಂಗವ್ವ," ಅಂದೆ.

"ವೋ ಭೀ ಲಕಡೀ ಲೇನೇ ಗಯಾ, ಮೌಸಿ."

"ತುರ್ಭೆಯಲ್ಲಿ ಕಾಡೆಲ್ಲಿ ಬಂತು? ಕಲ್ಲು ಒಡೆಯುವ ಖಾಣಿ ಇತ್ತು," ಎಂದು ರೇಗಿದೆ. ಅವಳು ನಕ್ಕಳು. ನಾನೂ ನಕ್ಕೆ. ಬಾಗಿಲ ಆಚೆ ಅವಳ ಮಗುವಿನ ಎದೆ ತೆರೆದಿತ್ತು, ಆದರೂ ನಕ್ಕಳು. ಅಂಥ ಗಟ್ಟಿ ಹೆಂಗಸನ್ನು ನಾನು ಹೆಚ್ಚು ನೋಡಿಲ್ಲ. ಮಧ್ಯಾಹ್ನದ ಮೇಲೆ ಉಡುಪಿಯ ನರ್ಸಮ್ಮ ಬಂದು, "ಎಲ್ಲ ಸರಿಯಾಯ್ತು ಅಜ್ಜಿ," ಅಂದಾಗ ಮಾತ್ರ ಸೆನಾಮಿ ನೆಲದ ಮೇಲೆ ಕೂತುಬಿಟ್ಟಳು. ಎಬ್ಬಿಸಲು ನಾನು ಗೋಡೆ ಹಿಡಿಯಬೇಕಾಯಿತು.

ಗುಬ್ಬಿ ನಮ್ಮ ಮೆಟ್ಟಿಲನ್ನು ಓಡಿ ಹತ್ತಿ, ಓಡಿ ಇಳಿದು, ಸರಸವ್ವನ ಬೈಗುಳ ತಿಂದ ಮೇಲೆ ಅವರು ಊರಿಗೆ ಹೋದರು. ಹೋಗುವಾಗ ಗೊಂಬೆ ತಾಯಿಯ ಸೊಂಟದಲ್ಲಿತ್ತು. ಚಮಚವನ್ನು ಗುಬ್ಬಿ ನನ್ನ ದೇವರ ಮಾಡದಲ್ಲಿ ಇಟ್ಟಿದ್ದಳು. ಮರೆತಿರಬಹುದು ಎಂದು ಫೋನಿನಲ್ಲಿ ಹೇಳಿದೆ. ಮರೆತದ್ದಲ್ಲ ಅಂದಳು ಸೆನಾಮಿ.

ಇವತ್ತು ಭಾನುವಾರ. ಭಾನುವಾರ ಗುಬ್ಬಿಯ ವಿಡಿಯೋ ಕಾಲ್ ಬರುತ್ತದೆ. ಈಗಷ್ಟೇ ಬಂತು, ನಾನು ತಟ್ಟೆ ಹಾಕಿಕೊಂಡು ಕೂತಿದ್ದೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಎಂದಿನ ಹಾಗೆ ಊಟ ಆಯಿತೇ ಎಂದು ಕೇಳಿದಳು. ಆದರೆ ಎಂದಿನ ಹಾಗೆ 'ಅ' ಅನ್ನಲಿಲ್ಲ.

"ಮಿ ಡು ನು ಆ?" ನೀವು ಉಂಡಿರಾ?

ನಾನು ಹಿಂದೆ ತಿರುಗಿ ನೋಡಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಬೆಕ್ಕು ಕೂಡ ಇರಲಿಲ್ಲ. ತಾಯಿ ಹೇಳಿಕೊಟ್ಟಳೋ, ತಾನೇ ತಿಳಿದುಕೊಂಡಳೋ, ಗುಬ್ಬಿ ಉತ್ತರಕ್ಕೆ ಕಾಯುತ್ತಿದ್ದಳು. ಹೌದು ಎಂದುಬಿಡಬಹುದಿತ್ತು. ಆದರೆ ನಾನು ಆ ಮಗುವಿಗೆ ಇದುವರೆಗೆ ಸುಳ್ಳು ಹೇಳಿಲ್ಲ. ತಾಳು ಎಂದು ಕೈ ಮಾಡಿ ಎದ್ದು, ಬೆಳಿಗ್ಗೆ ಉಜ್ಜಿದ ಚಮಚ ತಂದೆ. ಮೊಸರನ್ನ ಒಂದು ಚಮಚ ತೆಗೆದು ತಟ್ಟೆಯ ಅಂಚಿಗೆ, ಗಂಗವ್ವನ ಪಾಲು ಎಂದು ಬೇರೆ ಇಟ್ಟೆ. ಆಮೇಲೆ ನಾನೊಂದು ತುತ್ತು ಬಾಯಿಗೆ ಹಾಕಿಕೊಂಡೆ.

ನಾವು ಎಂಬುದಕ್ಕೂ ಅವರಲ್ಲಿ 'ಮಿ' ಎಂದೇ, ದನಿಯನ್ನು ತುಸು ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಎತ್ತಿದೆ.

"ಮಿ ಡು ನು," ಅಂದೆ. ನಾವು ಉಂಡೆವು.

ಗುಬ್ಬಿ ಫೋನಿಟ್ಟ ಮೇಲೆ ಅಂಚಿನ ಅನ್ನವನ್ನೂ ನಾನೇ ತಿಂದೆ. ಅನ್ನ ಕೆಡಿಸುವುದು ನನ್ನಿಂದ ಆಗುವುದಿಲ್ಲ.